ಪರದೇಶದ ಓದು: ನಡುವಿನ ತಿಂಗಳುಗಳು

ಹೊರದೇಶಕ್ಕೆ ಓದಲು ಹೋಗಿ ಬಂದವರನ್ನು "ಹೇಗಿತ್ತು?" ಅಂತ ಕೇಳಿದರೆ ಬರುವ ಉತ್ತರ ಸಾಮಾನ್ಯವಾಗಿ ಒಂದೇ. "ತುಂಬಾ ಚೆನ್ನಾಗಿತ್ತು, ಬಹಳ ಕಲಿತೆ." ಅದು ಸುಳ್ಳಲ್ಲ. ಆದರೆ ಕೇಳಿದವರಿಗೆ ಅದರಿಂದ ಏನೂ ಗೊತ್ತಾಗುವುದಿಲ್ಲ. ವಿಮಾನ ಹತ್ತಿದ ದಿನದ ಕತೆಯನ್ನು ಎಲ್ಲರೂ ಹೇಳುತ್ತಾರೆ. ಪದವಿ ಸಿಕ್ಕ ದಿನದ ಫೋಟೊವನ್ನು ಎಲ್ಲರೂ ಹಾಕುತ್ತಾರೆ. ಇವೆರಡರ ನಡುವಿನ ತಿಂಗಳುಗಳು ಇವೆಯಲ್ಲ, ವಿಶೇಷ ಏನೂ ನಡೆಯದ, ಬೆಳಗ್ಗೆ ಎದ್ದು ಕ್ಲಾಸಿಗೆ ಹೋಗಿ ಸಂಜೆ ರೂಮಿಗೆ ಬರುವ ತಿಂಗಳುಗಳು, ಅವುಗಳ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ. ನನ್ನನ್ನು ಕೇಳಿದರೆ ಪರದೇಶದ ಓದು ಅಂದರೆ ಆ ತಿಂಗಳುಗಳೇ. ಮನುಷ್ಯ ಬದಲಾಗುವುದು ಆಗಲೇ. ಕುಸಿಯುವುದೂ ಆಗಲೇ.

ನಾನೂ ಎಂ.ಎ. ಓದಲು ಹೊರಗೆ ಹೋಗಿದ್ದೆ. ಬಂದ ಮೇಲೆ ಈ ದಾರಿಯಲ್ಲಿರುವ ಎಷ್ಟೋ ಹುಡುಗ ಹುಡುಗಿಯರ ಜೊತೆ ಮಾತಾಡುತ್ತಾ ಬಂದಿದ್ದೇನೆ. ಹೊರಡಲು ತಯಾರಾಗುತ್ತಿರುವವರು, ಈಗ ಅಲ್ಲಿರುವವರು, ವಾಪಸು ಬಂದವರು. ದೇಶ ಬೇರೆ, ಕೋರ್ಸ್ ಬೇರೆ, ಮನೆಯ ಪರಿಸ್ಥಿತಿ ಬೇರೆ. ಆದರೂ ಮಾತು ಒಂದಷ್ಟು ಹೊತ್ತು ನಡೆದು, ಸಂಕೋಚ ಬಿಟ್ಟ ಮೇಲೆ ಹೊರಗೆ ಬರುವ ಸಂಗತಿಗಳು ಬಹುಪಾಲು ಒಂದೇ ಥರ ಇರುತ್ತವೆ.

ಮೊದಲು ಕ್ಲಾಸಿನ ವಿಷಯ. ಓದಲು ಹೋದವರು ಆಮೇಲೆ ಓದಿನ ಬಗ್ಗೆಯೇ ಎಲ್ಲಕ್ಕಿಂತ ಕಡಿಮೆ ಹೇಳುತ್ತಾರೆ. ಅದು ನನಗೆ ಯಾವಾಗಲೂ ಬೇಸರದ ಸಂಗತಿ.

ಸೆಮಿನಾರ್ ಕ್ಲಾಸ್ ಹೇಗಿರುತ್ತದೆ ಅಂದರೆ, ಒಂದು ದೊಡ್ಡ ಮೇಜು, ಸುತ್ತ ಹತ್ತು ಹನ್ನೆರಡು ಜನ. ಎಲ್ಲರೂ ಅದೇ ಲೇಖನಗಳನ್ನು ಓದಿಕೊಂಡು ಬಂದಿರುತ್ತಾರೆ. ಪ್ರೊಫೆಸರ್ ಪಾಠ ಮಾಡುವುದಿಲ್ಲ. ಒಂದು ಪ್ರಶ್ನೆ ಕೇಳಿ ಸುಮ್ಮನಾಗುತ್ತಾರೆ. ಯಾರೋ ಒಬ್ಬರು ಶುರು ಮಾಡುತ್ತಾರೆ, ಇನ್ನೊಬ್ಬರು ಒಪ್ಪುವುದಿಲ್ಲ, ಮೂರನೆಯವರು ನಡುವೆ ಬಾಯಿ ಹಾಕುತ್ತಾರೆ. ನನಗೂ ಹೇಳುವುದು ಇರುತ್ತಿತ್ತು. ಅದನ್ನು ಮನಸ್ಸಿನಲ್ಲೇ ಒಂದು ಸರಿಯಾದ ವಾಕ್ಯ ಮಾಡಿಕೊಳ್ಳುತ್ತಿದ್ದೆ. ಕ್ರಿಯಾಪದದ ಕಾಲ ಸರಿಯಿದೆಯಾ, ಆ ಪದದ ಉಚ್ಚಾರ ಹೇಗೆ, ಎಲ್ಲ ನೋಡಿಕೊಂಡು ಬಾಯಿ ತೆರೆಯುವಷ್ಟರಲ್ಲಿ ಚರ್ಚೆ ಮುಂದಿನ ಪುಟಕ್ಕೆ ಹೋಗಿರುತ್ತಿತ್ತು. ಕಟ್ಟಿದ ವಾಕ್ಯ ಹಾಗೇ ಉಳಿಯುತ್ತಿತ್ತು. ಹೀಗೆ ಒಂದು ಕ್ಲಾಸಿನಲ್ಲಿ ನಾಲ್ಕೈದು ವಾಕ್ಯ ಗಂಟಲಲ್ಲೇ ಇಟ್ಟುಕೊಂಡು ಎದ್ದು ಬರುವುದು ಎಷ್ಟು ಸುಸ್ತು ಅನ್ನುವುದು ಅನುಭವಿಸಿದವರಿಗೇ ಗೊತ್ತು. ನೋಡುವವರಿಗೆ ಮಾತ್ರ ಮೂಲೆಯಲ್ಲಿ ಕೂತ ಒಬ್ಬ ಮೌನಿ ವಿದ್ಯಾರ್ಥಿ ಕಾಣುತ್ತಾನೆ, ಅಷ್ಟೇ.

ಇದು ಬುದ್ಧಿಯ ಕೊರತೆ ಅಲ್ಲ. ಧೈರ್ಯದ ಕೊರತೆಯೂ ಅಲ್ಲ. ಕೆನಡಾದ ಶಿಕ್ಷಣ ತಜ್ಞ ಜಿಮ್ ಕಮಿನ್ಸ್ 1979ರಲ್ಲೇ ಒಂದು ವ್ಯತ್ಯಾಸ ತೋರಿಸಿದ್ದರು. ದಿನಬಳಕೆಯ ಮಾತಿನ ಭಾಷೆ ಬೇರೆ, ಪಾಠದ ಭಾಷೆ ಬೇರೆ. ವಲಸೆ ಬಂದ ಶಾಲಾ ಮಕ್ಕಳ ಬಗ್ಗೆ ಅವರು ಕಂಡುಕೊಂಡಿದ್ದು ಏನೆಂದರೆ, ಹೊಸ ಭಾಷೆಯಲ್ಲಿ ಸರಾಗವಾಗಿ ಹರಟುವುದು ಸುಮಾರು ಎರಡು ವರ್ಷದಲ್ಲಿ ಬಂದುಬಿಡುತ್ತದೆ. ಆದರೆ ಆ ಭಾಷೆಯಲ್ಲಿ ವಾದ ಮಾಡುವುದು, ವಿವರಿಸುವುದು, ಬರೆಯುವುದು ಓರಗೆಯವರ ಮಟ್ಟಕ್ಕೆ ಬರಲು ಐದರಿಂದ ಏಳು ವರ್ಷ ಬೇಕು. ಕಾಲೇಜಿಗೆ ಹೋಗುವವರು ಮಕ್ಕಳಲ್ಲ, ಭಾಷೆಯ ಪರೀಕ್ಷೆ ಪಾಸು ಮಾಡಿಯೇ ಹೋಗಿರುತ್ತಾರೆ, ನಿಜ. ಆದರೂ ಈ ಮಾತು ನನಗೆ ಸಮಾಧಾನ ಕೊಟ್ಟಿತ್ತು. ಅಂಗಡಿಯಲ್ಲಿ, ಬಸ್ಸಿನಲ್ಲಿ ಸಲೀಸಾಗಿ ಮಾತಾಡುವ ನಾನು ಆ ಮೇಜಿನ ಮುಂದೆ ಯಾಕೆ ಕಟ್ಟಿಹಾಕಿದ ಹಾಗೆ ಕೂರುತ್ತೇನೆ ಅನ್ನುವುದಕ್ಕೆ ಒಂದು ಕಾರಣ ಸಿಕ್ಕಿತು. ಆಮೇಲೆ ನನಗೆ ದಾರಿ ತೋರಿಸಿದ್ದು ಒಂದು ಸಣ್ಣ ಉಪಾಯ. ಪೂರ್ತಿ ವಾಕ್ಯ ಕಟ್ಟಿಕೊಂಡು ಕಾಯಬಾರದು. "ನೀವು ಈಗ ಹೇಳಿದ್ದು ನನಗೆ ಅರ್ಥವಾಗಲಿಲ್ಲ, ಇನ್ನೊಮ್ಮೆ ಹೇಳ್ತೀರಾ?" ಅಂತ ಮೊದಲು ಕೇಳಿಬಿಡಬೇಕು. ಹಾಗೆ ಕೇಳಿದವರನ್ನು ಯಾರೂ ದಡ್ಡರು ಅಂದುಕೊಳ್ಳುವುದಿಲ್ಲ. ಪಕ್ಕದಲ್ಲಿ ಕೂತ ಇನ್ನಿಬ್ಬರಿಗೂ ಅರ್ಥವಾಗಿರುವುದಿಲ್ಲ. ಒಮ್ಮೆ ದನಿ ಹೊರಗೆ ಬಂದರೆ ಎರಡನೆಯ ಮಾತು ಅಷ್ಟು ಕಷ್ಟವಲ್ಲ.

ಗೊಂದಲಕ್ಕೆ ಇನ್ನೊಂದು ಕಾರಣ ಟೈಮ್ ಟೇಬಲ್. ವಾರಕ್ಕೆ ಕೆಲವೇ ಗಂಟೆ ಕ್ಲಾಸ್ ನೋಡಿ ಹೊಸಬರಿಗೆ ಖುಷಿಯಾಗುತ್ತದೆ. ಲೆಕ್ಕ ಬೇರೆಯೇ ಇರುತ್ತದೆ. ಯುರೋಪಿನ ಕ್ರೆಡಿಟ್ ಪದ್ಧತಿಯನ್ನೇ ತೆಗೆದುಕೊಳ್ಳಿ. ಪೂರ್ತಿ ಒಂದು ವರ್ಷದ ಓದಿಗೆ 60 ಕ್ರೆಡಿಟ್. ಒಂದು ಕ್ರೆಡಿಟ್ ಅಂದರೆ ಸಾಮಾನ್ಯವಾಗಿ 25ರಿಂದ 30 ಗಂಟೆ ಕೆಲಸ. ಅಂದರೆ ವರ್ಷಕ್ಕೆ 1,500ರಿಂದ 1,800 ಗಂಟೆ. ಅದರಲ್ಲಿ ಕ್ಲಾಸಿನಲ್ಲಿ ಕೂರುವುದು ಸ್ವಲ್ಪವೇ. ಉಳಿದದ್ದೆಲ್ಲ ಒಬ್ಬರೇ ಕೂತು ಓದುವುದು, ಬರೆಯುವುದು. ಇದನ್ನು ಯಾರೂ ಕೂರಿಸಿ ಹೇಳುವುದಿಲ್ಲ. ಖಾಲಿ ಕಾಣುವ ಬುಧವಾರ ಖಾಲಿ ಅಲ್ಲ ಅಂತ ಅರ್ಥವಾಗುವ ಹೊತ್ತಿಗೆ ಅರ್ಧ ಸೆಮಿಸ್ಟರ್ ಮುಗಿದಿರುತ್ತದೆ.

ನನ್ನ ಮೊದಲ ದೊಡ್ಡ ಪ್ರಬಂಧ ವಾಪಸು ಬಂದಾಗ ಅದರ ಅಂಚಿನ ತುಂಬ ಪೆನ್ಸಿಲಿನಲ್ಲಿ ಒಂದೇ ಪ್ರಶ್ನೆ ಇತ್ತು. ಯಾರು? "ಎಂದು ನಂಬಲಾಗಿದೆ" ಅಂತ ಬರೆದ ಕಡೆ, ಯಾರು? "ಎಂದು ಹೇಳಲಾಗುತ್ತದೆ" ಅಂದ ಕಡೆ, ಯಾರು? ಕೊನೆಯ ಪುಟದ ಕೆಳಗೆ ಎರಡು ಸಾಲು. ಬೇರೆಯವರು ಹೇಳಿದ್ದನ್ನು ಚೆನ್ನಾಗಿ ಜೋಡಿಸಿದ್ದೀರಿ, ಇದರಲ್ಲಿ ನೀವು ಒಪ್ಪುವುದು ಯಾವುದು, ಒಪ್ಪದಿರುವುದು ಯಾವುದು ಅಂತ. ಅಲ್ಲಿಯವರೆಗೂ ಪರೀಕ್ಷೆ ಅಂದರೆ ಓದಿದ್ದನ್ನು ಅಚ್ಚುಕಟ್ಟಾಗಿ ಬರೆಯುವುದು ಅಂತಲೇ ಕಲಿತಿದ್ದೆ. ಪುಸ್ತಕ ಬರೆದವರ ಜೊತೆ ನಾನು ಜಗಳ ಆಡಬಹುದು, ಆಡಬೇಕು ಕೂಡ, ಅದಕ್ಕೇ ನನಗೆ ಅಂಕ ಕೊಡುತ್ತಾರೆ ಅನ್ನುವುದು ದೊಡ್ಡ ಸಂಗತಿಯಾಗಿತ್ತು. ಆ ಹಾಳೆಗಳನ್ನು ಇಟ್ಟುಕೊಂಡು ಇಡೀ ಸಂಜೆ ಕೂತಿದ್ದೆ. ಒಂದೊಂದೇ ಸಾಲಿನ ಮುಂದೆ ಹೆಸರು ಹುಡುಕಿ ಬರೆದೆ. ಇಂಥವರು ನಂಬುತ್ತಾರೆ. ಇಂಥವರು ಹೇಳುತ್ತಾರೆ. ಎರಡು ಕಡೆ ಯಾರ ಹೆಸರೂ ಸಿಗಲಿಲ್ಲ. ಆ ಎರಡು ಸಾಲು ನನ್ನವೇ ಆಗಿದ್ದವು. ನನ್ನ ಅಭಿಪ್ರಾಯವನ್ನೇ ನಾನು ಯಾರದೋ ಹಿಂದೆ ಅಡಗಿಸಿ ಇಟ್ಟಿದ್ದೆ. ಪರದೇಶದ ಓದು ನನಗೆ ಕೊಟ್ಟದ್ದರಲ್ಲಿ ಆ ಸಂಜೆಗಿಂತ ಬೆಲೆಯುಳ್ಳದ್ದು ಇನ್ನೊಂದಿಲ್ಲ.

ಈಗ ಮನಸ್ಸಿನ ಮಾತು.

ಹೊಸ ದೇಶದಲ್ಲಿ ಮನಸ್ಸಿಗೆ ಆಗುವ ಆಘಾತದ ಬಗ್ಗೆ ಮಾತನ್ನು ಎಲ್ಲರ ಬಾಯಿಗೆ ತಂದವರು ಕಲೆರ್ವೊ ಓಬರ್ಗ್ ಎಂಬ ಮಾನವಶಾಸ್ತ್ರಜ್ಞ. 1954ರಲ್ಲಿ ರಿಯೊ ಡಿ ಜನೈರೊದಲ್ಲಿ, ಅಲ್ಲಿ ನೆಲೆಸಿದ್ದ ಹೊರದೇಶದವರ ಮುಂದೆ ಅವರು 'ಕಲ್ಚರ್ ಶಾಕ್' ಬಗ್ಗೆ ಒಂದು ಭಾಷಣ ಮಾಡಿದರು. ಅವರು ಕೊಟ್ಟ ಉದಾಹರಣೆಗಳು ದೊಡ್ಡ ದೊಡ್ಡವಲ್ಲ. ಯಾವಾಗ ಕೈ ಕುಲುಕಬೇಕು, ಎದುರಿಗೆ ಸಿಕ್ಕವರಿಗೆ ಏನು ಹೇಳಬೇಕು, ಯಾರಾದರೂ ಮನೆಗೆ ಕರೆದರೆ ಯಾವಾಗ ಒಪ್ಪಬೇಕು, ಯಾವಾಗ ಬೇಡ ಅನ್ನಬೇಕು. ಇಂಥ ನೂರಾರು ಸಣ್ಣ ಸೂಚನೆಗಳು ನಮಗೆ ಹುಟ್ಟಿದ ಜಾಗದಲ್ಲಿ ಯೋಚಿಸದೆಯೇ ಗೊತ್ತಿರುತ್ತವೆ. ಅವು ಒಟ್ಟಿಗೇ ಕೈಬಿಟ್ಟಾಗ ಮನುಷ್ಯ ಕಂಗೆಡುತ್ತಾನೆ. ಲಕ್ಷಣಗಳನ್ನೂ ಅವರು ಹೇಳಿದ್ದರು. ಪದೇ ಪದೇ ಕೈ ತೊಳೆಯುವುದು, ಎಲ್ಲೋ ದೂರಕ್ಕೆ ನೋಡುತ್ತಾ ಕೂತುಬಿಡುವುದು, ಸಣ್ಣ ತಡಕ್ಕೂ ಸಿಡುಕುವುದು. ಇದನ್ನು ಓದಿ ಹೇಳಿದಾಗ ಒಬ್ಬ ಹುಡುಗ ತಟ್ಟನೆ "ಪ್ರಿಂಟರ್ ಕೆಟ್ಟಿತ್ತು ಅಂತ ಒಂದು ದಿನ ಅತ್ತುಬಿಟ್ಟಿದ್ದೆ, ಅದು ಇದೇನಾ?" ಅಂತ ಕೇಳಿದ. ಇದೇ ಅಂದೆ.

ಇದರ ಮರುವರ್ಷ, 1955ರಲ್ಲಿ, ಸ್ವೆರ್ರೆ ಲಿಸ್‌ಗಾರ್ಡ್ ಎಂಬ ಸಮಾಜಶಾಸ್ತ್ರಜ್ಞ ಒಂದು ಅಧ್ಯಯನ ಪ್ರಕಟಿಸಿದರು. ಫುಲ್‌ಬ್ರೈಟ್ ಎಂಬ ಅಮೆರಿಕ ಸರ್ಕಾರದ ಓದಿನ ನೆರವಿನಿಂದ ಆ ದೇಶಕ್ಕೆ ಹೋಗಿ ಬಂದಿದ್ದ 200 ಮಂದಿ ನಾರ್ವೆಯವರನ್ನು ಮಾತಾಡಿಸಿ ಬರೆದದ್ದು. ಆರು ತಿಂಗಳಿಗಿಂತ ಕಡಿಮೆ ಇದ್ದವರು ಚೆನ್ನಾಗಿ ಹೊಂದಿಕೊಂಡಿದ್ದರು. ಹದಿನೆಂಟು ತಿಂಗಳಿಗಿಂತ ಜಾಸ್ತಿ ಇದ್ದವರೂ ಚೆನ್ನಾಗಿದ್ದರು. ಕಷ್ಟ ಕಂಡಿದ್ದು ನಡುವೆ, ಆರರಿಂದ ಹದಿನೆಂಟು ತಿಂಗಳು ಇದ್ದವರಲ್ಲಿ. ಇಂಗ್ಲಿಷಿನ ಯು ಅಕ್ಷರದ ಆಕಾರದ ಗೆರೆ ಅಂತ ಇದು ಪ್ರಸಿದ್ಧವಾಯಿತು. ಮೊದಲು ಉತ್ಸಾಹ, ಆಮೇಲೆ ಇಳಿತ, ಆಮೇಲೆ ಚೇತರಿಕೆ.

ಒಂದು ವಿಷಯ ಗಮನಿಸಿ. ಒಂದು ವರ್ಷದ ಮಾಸ್ಟರ್ಸ್‌ಗೆ ಹೋದವರು ಈ ಗೆರೆಯ ಪ್ರಕಾರ ಎಲ್ಲಿ ಮುಗಿಸುತ್ತಾರೆ? ತಳದಲ್ಲಿ. ಹತ್ತಿ ಬರುವ ಮೊದಲೇ ಅವರ ಕೋರ್ಸ್ ಮುಗಿದು ಟಿಕೆಟ್ ಬುಕ್ ಆಗಿರುತ್ತದೆ. "ನನಗೆ ಅಲ್ಲಿ ಒಗ್ಗಲೇ ಇಲ್ಲ, ನನ್ನಲ್ಲೇ ಏನೋ ಕೊರತೆ" ಅಂತ ನೊಂದುಕೊಳ್ಳುವ ಎಷ್ಟೋ ಜನರಿಗೆ ನಾನು ಇದನ್ನು ಹೇಳುತ್ತೇನೆ. ನಿಮ್ಮಲ್ಲಿ ಕೊರತೆ ಇರಲಿಲ್ಲ. ನಿಮಗೆ ಸಮಯ ಸಾಲಲಿಲ್ಲ.

ಆದರೆ ಈ ಗೆರೆಯನ್ನೇ ವೇದವಾಕ್ಯ ಅಂದುಕೊಳ್ಳಬೇಕಿಲ್ಲ. ಲಿಸ್‌ಗಾರ್ಡ್ ಒಬ್ಬೊಬ್ಬರನ್ನೂ ತಿಂಗಳು ತಿಂಗಳು ಹಿಂಬಾಲಿಸಿ ನೋಡಿರಲಿಲ್ಲ. ಬೇರೆ ಬೇರೆ ಅವಧಿ ಇದ್ದು ಬಂದವರನ್ನು ಹೋಲಿಸಿದ್ದರು. 1998ರಲ್ಲಿ ಕಾಲೀನ್ ವಾರ್ಡ್ ಮತ್ತು ಅವರ ಜೊತೆಗಾರರು ನ್ಯೂಜಿಲೆಂಡಿಗೆ ಓದಲು ಬಂದ ಜಪಾನಿ ವಿದ್ಯಾರ್ಥಿಗಳನ್ನು ಬಂದಿಳಿದ ಹೊತ್ತಿನಿಂದ ಒಂದು ವರ್ಷದವರೆಗೆ ಗಮನಿಸಿದರು. ಅವರಿಗೆ ಕಂಡದ್ದು ಬೇರೆ. ಅತಿ ಹೆಚ್ಚು ಕಷ್ಟ ಇದ್ದದ್ದು ಶುರುವಿನಲ್ಲೇ, ಆಮೇಲೆ ಅದು ಕಡಿಮೆಯಾಗುತ್ತಾ ಹೋಯಿತು. ನನ್ನ ಅನುಭವಕ್ಕೆ ಹತ್ತಿರ ಇರುವುದು ಇದು. ಮೊದಲ ವಾರ ಎಲ್ಲರೂ ಖುಷಿಯಾಗಿರಬೇಕು ಅನ್ನುವ ನಿರೀಕ್ಷೆ ಇರುತ್ತದಲ್ಲ, ಅದೇ ಒಂದು ಭಾರ. ಬೇರೆಯವರೆಲ್ಲ ಊರು ನೋಡಿ ಬೆರಗಾಗುತ್ತಿದ್ದಾರೆ, ನಾನೊಬ್ಬಳೇ ಕೋಣೆಯ ಬಾಗಿಲು ಹಾಕಿಕೊಂಡು ಅಳುತ್ತಿದ್ದೇನೆ ಅಂದ ಹುಡುಗಿಯರನ್ನು ನಾನು ಬಲ್ಲೆ. ಅವರ ಪಕ್ಕದ ಕೋಣೆಯ ಬಾಗಿಲೂ ಹಾಕಿತ್ತು ಅನ್ನುವುದು ಅವರಿಗೆ ಗೊತ್ತಿರಲಿಲ್ಲ.

ಮನೆಗೆ ಮಾಡುವ ಫೋನಿನ ಬಗ್ಗೆ ಹೇಳಲೇಬೇಕು. ನನಗೆ ಒಮ್ಮೆ ಜೋರು ಜ್ವರ ಬಂದಿತ್ತು. ಅಮ್ಮ ವಿಡಿಯೊ ಕಾಲ್ ಮಾಡುವ ಹೊತ್ತು ಗೊತ್ತಿತ್ತು. ಅದಕ್ಕೆ ಮುಂಚೆ ಎದ್ದು ಮುಖ ತೊಳೆದೆ. ಲೈಟ್ ಹಾಕಿದೆ. ತಲೆ ಬಾಚಿ, ಹಾಸಿಗೆ ಕಾಣದ ಹಾಗೆ ಕುರ್ಚಿ ತಿರುಗಿಸಿ ಕೂತೆ. ಮಾತ್ರೆಯ ಶೀಟನ್ನು ಲ್ಯಾಪ್‌ಟಾಪ್ ಹಿಂದಕ್ಕೆ ಸರಿಸಿದೆ. "ಊಟ ಆಯ್ತಾ?" "ಆಯ್ತಮ್ಮಾ." "ಗಂಟಲು ಯಾಕೆ ಹಾಗಿದೆ?" "ಈಗಷ್ಟೇ ಎದ್ದೆ." ಎರಡು ನಿಮಿಷ ನಗುನಗುತ್ತಾ ಮಾತಾಡಿ, ಕ್ಲಾಸಿದೆ ಅಂತ ಇಟ್ಟೆ. ಇದನ್ನು ಹೇಳಿದಾಗಲೆಲ್ಲ ಎದುರಿಗಿದ್ದವರೂ ತಮ್ಮದೊಂದು ಹೇಳುತ್ತಾರೆ. ಒಬ್ಬರು ಫೇಲಾದ ಪೇಪರ್ ಮುಚ್ಚಿಟ್ಟಿರುತ್ತಾರೆ. ಇನ್ನೊಬ್ಬರು ಇದ್ದ ಕೋಣೆ ಬಿಡಬೇಕಾಗಿ ಬಂದು ಗೆಳೆಯರ ಮನೆಯ ನೆಲದ ಮೇಲೆ ಮಲಗಿದ್ದನ್ನು. ಆ ಕಡೆ ಮನೆಯವರೂ ಅಷ್ಟೇ. ಅಜ್ಜಿ ಆಸ್ಪತ್ರೆಯಲ್ಲಿದ್ದಾರೆ ಅನ್ನುವುದನ್ನು ಪರೀಕ್ಷೆ ಮುಗಿಯುವ ತನಕ ಹೇಳುವುದಿಲ್ಲ. ಪ್ರೀತಿ ಇದ್ದದ್ದಕ್ಕೇ ಎರಡೂ ಕಡೆ ಮುಚ್ಚಿಡುತ್ತಾರೆ. ಹಾಗಾಗಿ ದಿನಾ ಮಾತಾಡಿದರೂ ಒಬ್ಬರ ಬದುಕು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ.

ಅಪ್ಪ ಅಮ್ಮಂದಿರಿಗೆ ನಾನು ಕೇಳಿಕೊಳ್ಳುವುದು ಒಂದೇ. ಮಕ್ಕಳು ಕಷ್ಟ ಹೇಳಿಕೊಂಡರೆ ಕೂಡಲೇ ಪರಿಹಾರ ಕೊಡಲು ಹೋಗಬೇಡಿ. "ಹಾಗಾದರೆ ವಾಪಸು ಬಂದುಬಿಡು" ಅಂತಲೂ ಅನ್ನಬೇಡಿ, "ಇಷ್ಟು ಖರ್ಚು ಮಾಡಿ ಕಳಿಸಿದ್ದೀವಿ" ಅಂತಲೂ ಅನ್ನಬೇಡಿ. ಈ ಎರಡರಲ್ಲಿ ಯಾವುದನ್ನು ಕೇಳಿದರೂ ಮುಂದಿನ ಸಲ ಅವರು ಹೇಳುವುದಿಲ್ಲ.

ದುಡ್ಡಿನ ವಿಷಯ ಎಲ್ಲರಿಗೂ ಗೊತ್ತಿರುವುದೇ. ಸಾಲ ಮಾಡಿ ಹೋದವರು ಕೊಳ್ಳುವ ಪ್ರತಿಯೊಂದನ್ನೂ ಮನಸ್ಸಿನಲ್ಲೇ ತಮ್ಮ ದೇಶದ ಹಣಕ್ಕೆ ಗುಣಿಸುತ್ತಾರೆ. ಕೆಲಸ ಮಾಡಿ ಸರಿದೂಗಿಸೋಣ ಅಂದರೆ ವೀಸಾ ಮಿತಿ ಹಾಕಿರುತ್ತದೆ. ಅಮೆರಿಕ, ಬ್ರಿಟನ್‌ಗಳಲ್ಲಿ ಪದವಿ ವಿದ್ಯಾರ್ಥಿಗಳಿಗೆ ಪಾಠ ನಡೆಯುವ ಅವಧಿಯಲ್ಲಿ ಸಾಮಾನ್ಯವಾಗಿ ವಾರಕ್ಕೆ 20 ಗಂಟೆ, ಅಮೆರಿಕದಲ್ಲಂತೂ ಅದು ಕ್ಯಾಂಪಸ್ಸಿನೊಳಗೇ. ಹೊರಡುವ ಮುಂಚೆ ಮನೆಯಲ್ಲಿ ಹಾಕುವ ಲೆಕ್ಕದಲ್ಲಿ ಈ ಗಂಟೆಗಳ ಸಂಬಳವನ್ನು ನೆಚ್ಚಿಕೊಳ್ಳಬಾರದು. ಅಷ್ಟೇ ನಾನು ಹೇಳುವುದು.

ಗೆಳೆತನದ ಬಗ್ಗೆ ಮಾತ್ರ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಇಲ್ಲಿ ವಿದ್ಯಾರ್ಥಿಗಳು ತಮ್ಮನ್ನು ತಾವೇ ಸುಮ್ನೆ ಹಳಿದುಕೊಳ್ಳುತ್ತಾರೆ. "ಅಷ್ಟು ದೂರ ಹೋಗಿಯೂ ಆ ದೇಶದ ಒಬ್ಬ ಸ್ನೇಹಿತ ಸಿಗಲಿಲ್ಲ, ಬರೀ ನಮ್ಮವರ ಜೊತೆ, ಇಲ್ಲಾ ಬೇರೆ ಪರದೇಶಿಗಳ ಜೊತೆ ಇದ್ದೆ" ಅನ್ನುತ್ತಾರೆ. ಇದು ಬಹಳ ಹಳೆಯ ಅನುಭವ. 1977ರಲ್ಲಿ ಸ್ಟೀಫನ್ ಬೋಕ್ನರ್ ಮತ್ತು ಜೊತೆಗಾರರು ಹವಾಯಿಯಲ್ಲಿ ಹೊರದೇಶದ ವಿದ್ಯಾರ್ಥಿಗಳ ಸ್ನೇಹದ ಬಗ್ಗೆ ಅಧ್ಯಯನ ಮಾಡಿದಾಗಲೂ ಕಂಡದ್ದು ಇದೇ. ಅವರಿಗೆ ಮೂರು ಬಳಗ ಇರುತ್ತದೆ. ತಮ್ಮ ದೇಶದವರ ಜೊತೆ ಮನಸ್ಸಿನ ನಂಟು. ಆತಿಥೇಯ ದೇಶದವರ ಜೊತೆ ಓದು, ಕೆಲಸಕ್ಕೆ ಸಂಬಂಧಿಸಿದ ಒಡನಾಟ. ತಮ್ಮ ಹಾಗೇ ಬೇರೆ ದೇಶಗಳಿಂದ ಬಂದವರ ಜೊತೆ ತಿರುಗಾಟ, ಬಿಡುವಿನ ಹೊತ್ತು. ಮೂರಕ್ಕೂ ಅದರದ್ದೇ ಕೆಲಸ ಇದೆ. ಅಲ್ಲಿಯ ಸ್ಥಳೀಯ ವಿದ್ಯಾರ್ಥಿಗಳಿಗೆ ಆಗಲೇ ಶಾಲೆಯ ಗೆಳೆಯರಿದ್ದಾರೆ, ಮನೆ ಇದೆ, ವಾರಾಂತ್ಯಕ್ಕೆ ಹೋಗಲು ಜಾಗ ಇದೆ. ಹೊಸ ಸ್ನೇಹದ ತುರ್ತು ಇರುವುದು ಹೊರಗಿನಿಂದ ಬಂದವರಿಗೆ. ಹಾಗಾಗಿ ಅವರು ಒಬ್ಬರನ್ನೊಬ್ಬರು ಹುಡುಕಿಕೊಳ್ಳುತ್ತಾರೆ. ಭಾಷೆ ಅರ್ಧಂಬರ್ಧ ಬರುವ ಇಬ್ಬರು ಕೂತು ತಾಳ್ಮೆಯಿಂದ ಮಾತಾಡುವಾಗ ಹುಟ್ಟುವ ಸ್ನೇಹ ಕಡಿಮೆ ದರ್ಜೆಯದು ಅಂತ ಯಾರು ಹೇಳಿದರು?

ಇದೆಲ್ಲ ಹೊಸ ಕಾಲದ ಸಮಸ್ಯೆ ಅಂದುಕೊಳ್ಳುವವರಿಗೆ ನಾನು ಇತ್ಸಿಂಗ್ ಕತೆ ಹೇಳುತ್ತೇನೆ. ಚೀನಾದ ಬೌದ್ಧ ಭಿಕ್ಷು. 671ರಲ್ಲಿ ಹಡಗು ಹತ್ತಿ ಹೊರಟವನು ನೇರವಾಗಿ ನಾಲಂದಕ್ಕೆ ಹೋಗಲಿಲ್ಲ. ದಾರಿಯಲ್ಲಿ ಸುಮಾತ್ರಾದ ಶ್ರೀವಿಜಯದಲ್ಲಿ ಆರು ತಿಂಗಳು ನಿಂತು ಸಂಸ್ಕೃತ ವ್ಯಾಕರಣ ಕಲಿತ. ಆಮೇಲೆ ನಾಲಂದದಲ್ಲಿ ಸುಮಾರು ಹತ್ತು ವರ್ಷ ಓದಿದ. ತನ್ನ ನಂತರ ಬರುವ ಭಿಕ್ಷುಗಳಿಗೂ ಅದೇ ಸಲಹೆ ಕೊಟ್ಟ. ಶ್ರೀವಿಜಯದಲ್ಲಿ ಒಂದೆರಡು ವರ್ಷ ಇದ್ದು ರೀತಿ ನೀತಿ ರೂಢಿಸಿಕೊಂಡು ಆಮೇಲೆ ಮುಂದೆ ಹೋಗಿ ಅಂತ. ಅವನು ಬರೆದು ಕಳಿಸಿದ ವೃತ್ತಾಂತ ನನಗೆ ಇಷ್ಟವಾಗುವುದು ಬೇರೆ ಕಾರಣಕ್ಕೆ. ಅದರಲ್ಲಿ ಹಲ್ಲುಜ್ಜುವ ಕಡ್ಡಿಯ ವಿಷಯ ಇದೆ. ಊಟಕ್ಕೆ ಮುಂಚೆ ಕೈಕಾಲು ತೊಳೆಯುವ ಕ್ರಮ ಇದೆ. ಗುರುವಿನ ಮುಂದೆ ಹೇಗೆ ನಡೆದುಕೊಳ್ಳಬೇಕು ಅನ್ನುವುದಿದೆ. ದಿನದ ಸಣ್ಣ ಸಣ್ಣ ಸಂಗತಿಗಳನ್ನು ಅವನು ಕೀಳಾಗಿ ಕಾಣಲಿಲ್ಲ. ಹಿಂದೆ ಬರುವವನಿಗೆ ಮೊದಲು ಬೇಕಾಗುವುದು ಇದೇ ಅಂತ ಅವನಿಗೆ ಗೊತ್ತಿತ್ತು.

ಇನ್ನು ವಾಪಸು ಬರುವುದು. ಹೋಗುವುದಕ್ಕೆ ಎಲ್ಲರೂ ತಯಾರಿ ಮಾಡುತ್ತಾರೆ, ಬರುವುದಕ್ಕೆ ಯಾರೂ ಮಾಡುವುದಿಲ್ಲ. 1963ರಲ್ಲಿ ಜಾನ್ ಮತ್ತು ಜೀನ್ ಗಲ್ಲಾಹಾರ್ನ್ ದಂಪತಿ, ಹೊರದೇಶದಲ್ಲಿದ್ದು ಮರಳಿದ ಅಮೆರಿಕದ ವಿದ್ಯಾರ್ಥಿಗಳು ಮತ್ತು ಅಧ್ಯಾಪಕರ ಅನುಭವ ನೋಡಿ, ಇಳಿತ ಒಂದಲ್ಲ ಎರಡು ಅಂದರು. ಒಂದು ಅಲ್ಲಿ, ಇನ್ನೊಂದು ಮನೆಗೆ ಬಂದ ಮೇಲೆ. ಬಂದ ಮೊದಲ ವಾರ ಎಲ್ಲರೂ ಕೇಳುತ್ತಾರೆ. ಎರಡನೆಯ ವಾರದಿಂದ "ಅಲ್ಲಿ ಹೀಗಿತ್ತು" ಅಂತ ಶುರು ಮಾಡಿದರೆ ಕೇಳುವವರ ಕಣ್ಣು ಬೇರೆಡೆಗೆ ಹೋಗುತ್ತದೆ. ತಪ್ಪು ಅವರದ್ದಲ್ಲ, ಅವರ ಬದುಕು ಇಲ್ಲಿ ನಡೆಯುತ್ತಲೇ ಇತ್ತು. ಆದರೆ ಬಂದವರು ಬಾಯಿ ಮುಚ್ಚುವುದು ಆಗಲೇ. "ಚೆನ್ನಾಗಿತ್ತು" ಅನ್ನುವ ಉತ್ತರ ತಯಾರಾಗುವುದೂ ಆಗಲೇ.

ಕೆಲವರು ಬಾಯಿ ಮುಚ್ಚಲಿಲ್ಲ. ಇಟಲಿಯ ಸೋಫಿಯಾ ಕೊರ್ರಾಡಿ ಫುಲ್‌ಬ್ರೈಟ್ ನೆರವು ಪಡೆದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋಗಿ ಕಾನೂನಿನಲ್ಲಿ ಮಾಸ್ಟರ್ಸ್ ಮಾಡಿ 1958ರಲ್ಲಿ ರೋಮಿಗೆ ಮರಳಿದರು. ಅಲ್ಲಿ ಓದಿದ್ದನ್ನು ತಮ್ಮ ಪದವಿಗೆ ಸೇರಿಸಿಕೊಳ್ಳಿ ಅಂತ ಕೇಳಿದರೆ ವಿಶ್ವವಿದ್ಯಾಲಯದ ಕಚೇರಿಯಲ್ಲಿ ಒಪ್ಪಲಿಲ್ಲ, ಅವಮಾನ ಮಾಡಿ ಕಳಿಸಿದರು. ಒಂದು ವರ್ಷದ ಓದು ಲೆಕ್ಕಕ್ಕೇ ಇಲ್ಲ. ಅವರು ಅದನ್ನು ಮರೆಯಲಿಲ್ಲ. 1969ರಿಂದ ಅದರ ಬೆನ್ನು ಬಿದ್ದು, ಹೊರದೇಶದಲ್ಲಿ ಓದಿದ್ದನ್ನು ತಾಯ್ನಾಡಿನ ವಿಶ್ವವಿದ್ಯಾಲಯ ಒಪ್ಪಿಕೊಳ್ಳಬೇಕು ಅಂತ ಕಂಡಕಂಡವರಿಗೆ ಹೇಳುತ್ತಾ, ಬರೆಯುತ್ತಾ ಹೋದರು. 1987ರಲ್ಲಿ ಯುರೋಪಿನಲ್ಲಿ, ಒಂದು ದೇಶದ ವಿದ್ಯಾರ್ಥಿಗಳು ಇನ್ನೊಂದು ದೇಶಕ್ಕೆ ಹೋಗಿ ಸ್ವಲ್ಪ ಕಾಲ ಓದಿ ಬರುವ ಎರಾಸ್ಮಸ್ ಯೋಜನೆ ಶುರುವಾಯಿತು. ಮೊದಲ ವರ್ಷ 11 ದೇಶಗಳ 3,244 ವಿದ್ಯಾರ್ಥಿಗಳು ಹೋದರು. ಈಗ ಆ ಲೆಕ್ಕ ಲಕ್ಷಗಳಲ್ಲಿದೆ. ಕೊರ್ರಾಡಿಯವರನ್ನು ಪ್ರೀತಿಯಿಂದ 'ಎರಾಸ್ಮಸ್ ಅಮ್ಮ' ಅಂತ ಕರೆಯುತ್ತಾರೆ. ಒಬ್ಬ ವಿದ್ಯಾರ್ಥಿನಿಗೆ ಒಂದು ಕೌಂಟರಿನ ಮುಂದೆ ಆದ ನೋವು ಅಷ್ಟು ದೂರ ಹೋಯಿತು. ತನಗಾದದ್ದನ್ನು ವಿವರವಾಗಿ, ಮತ್ತೆ ಮತ್ತೆ ಹೇಳಿದ್ದಕ್ಕೆ ಹೋಯಿತು.

ಅದಕ್ಕೇ ನಾನು ಈಗ "ಹೇಗಿತ್ತು?" ಅಂತ ಕೇಳುವುದನ್ನು ಬಿಟ್ಟಿದ್ದೇನೆ. "ಫೆಬ್ರವರಿಯ ಒಂದು ಮಂಗಳವಾರ ಬೆಳಗ್ಗೆಯಿಂದ ರಾತ್ರಿ ತನಕ ಏನು ಮಾಡುತ್ತಿದ್ದೆ, ಹೇಳು" ಅನ್ನುತ್ತೇನೆ. ಈಚೆಗೆ ಬಂದ ಹುಡುಗಿಯೊಬ್ಬಳಿಗೆ ಹೀಗೆ ಕೇಳಿದೆ. ಮೊದಲು "ಏನಿಲ್ಲ, ಮಾಮೂಲಿ" ಅಂದಳು. ಆಮೇಲೆ ನಿಧಾನವಾಗಿ ಶುರು ಮಾಡಿದಳು. ಲೈಬ್ರರಿಯ ಮೂರನೆಯ ಮಹಡಿಯಲ್ಲಿ ಹೀಟರ್ ಪಕ್ಕದ ಸೀಟಿಗೆ ಎಷ್ಟು ಹೊತ್ತಿಗೆ ಹೋಗಬೇಕು. ಲ್ಯಾಬಿನಲ್ಲಿ ಗೊತ್ತಾಗದಿದ್ದಾಗ ಯಾವ ಸೀನಿಯರನ್ನು ಕೇಳಬಹುದು. ಪ್ರೊಫೆಸರನ್ನು ನೋಡುವ ಹೊತ್ತಿಗೆ ಹೋಗುವಾಗ ಮೂರು ಪ್ರಶ್ನೆ ಬರೆದುಕೊಂಡು ಹೋಗುತ್ತಿದ್ದದ್ದು. ಅಸೈನ್‌ಮೆಂಟ್ ಮುಗಿಯುವುದಿಲ್ಲ ಅನ್ನಿಸಿದರೆ ಕೊನೆಯ ದಿನ ದಾಟಿದ ಮೇಲಲ್ಲ, ಅದಕ್ಕೆ ಮುಂಚೆಯೇ ಇಮೇಲ್ ಬರೆದರೆ ಸಮಯ ಕೊಡುತ್ತಾರೆ ಅನ್ನುವುದು. ವಿಶ್ವವಿದ್ಯಾಲಯದ ಕೌನ್ಸೆಲಿಂಗ್‌ಗೆ ದುಡ್ಡು ಕೇಳುವುದಿಲ್ಲ, ಆದರೆ ಸರದಿ ಬರಲು ತಡವಾಗುತ್ತದೆ, ಆದ್ದರಿಂದ ಪೂರ್ತಿ ಕುಸಿಯುವ ತನಕ ಕಾಯಬಾರದು ಅನ್ನುವುದು. ಇದನ್ನು ಹೇಳುವಾಗ ಅವಳು ಸ್ವಲ್ಪ ತಡೆದಳು. "ನಾನು ಹೋಗಿದ್ದೆ, ಮನೆಯಲ್ಲಿ ಹೇಳಿಲ್ಲ" ಅಂದಳು.

ಎಲ್ಲವನ್ನೂ ಬರೆದು ಕೊಡು ಅಂತ ಕೇಳಿದ್ದೇನೆ, ಮನೆಯಲ್ಲಿ ಹೇಳದ್ದನ್ನು ಬೇಕಿದ್ದರೆ ಬಿಟ್ಟು. ಅದನ್ನೂ ಬರೆಯುತ್ತೇನೆ ಅಂದಳು. ಅದೇ ಕೋರ್ಸಿಗೆ ಈ ಸಲ ಇಬ್ಬರು ಹೊರಟಿದ್ದಾರೆ, ಅವರು ಹೊರಡುವ ಮೊದಲು ಅದು ಅವರ ಕೈ ಸೇರಬೇಕು.